ಯಕೃತ್ತಿನ ಒಂದು ಕಿಣ್ವ, ಮಕ್ಕಳ ಮೂತ್ರಪಿಂಡ: ಪ್ರಯೋಗಾಲಯದಲ್ಲಿ ತಯಾರಾಗುವ ಪ್ರೋಟೀನ್ ಏಕೆ ಬೇಕು?

ಚಿಕ್ಕ ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿಕೊಂಡಾಗ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ‘ಮಗು ಸರಿಯಾಗಿ ನೀರೇ ಕುಡಿಯುವುದಿಲ್ಲ’ ಎಂಬುದು. ಬಾಳೆದಿಂಡಿನ ರಸ ಕುಡಿಸುತ್ತಾರೆ, ಪಾಲಕ್ ಸೊಪ್ಪು ಬಿಡಿಸುತ್ತಾರೆ, ಕಲ್ಲು ತೆಗೆಸಿದ ಮೇಲೆ ಕಾಯಿಲೆ ಮುಗಿಯಿತೆಂದು ನೆಮ್ಮದಿಯಾಗುತ್ತಾರೆ. ಬಹುತೇಕ ಕಲ್ಲುಗಳ ವಿಷಯದಲ್ಲಿ ಈ ನೆಮ್ಮದಿಗೆ ಒಂದಷ್ಟು ಆಧಾರವೂ ಇದೆ. ಆದರೆ ಕೆಲವೇ ಮಕ್ಕಳಲ್ಲಿ ಕಲ್ಲು ಮತ್ತೆ ಮತ್ತೆ ಬರುತ್ತದೆ, ಎರಡೂ ಮೂತ್ರಪಿಂಡಗಳಲ್ಲಿ ಬರುತ್ತದೆ, ಸ್ಕ್ಯಾನಿಂಗ್ ಮಾಡಿದಾಗ ಮೂತ್ರಪಿಂಡದ ಒಳಗಿನ ಅಂಗಾಂಶವೇ ಸುಣ್ಣ ಮೆತ್ತಿದಂತೆ ಬೆಳ್ಳಗೆ ಕಾಣುತ್ತದೆ. ಅಂಥವರಲ್ಲಿ ಪ್ರೈಮರಿ ಹೈಪರ್‌ಆಕ್ಸಲೂರಿಯ ಟೈಪ್ 1 ಎಂಬ ಆನುವಂಶಿಕ ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. ಯುರೋಪಿನ ಲೆಕ್ಕದಂತೆ ಇದು ಸುಮಾರು ಒಂದು ಲಕ್ಷ ಜನನಗಳಿಗೆ ಒಂದರಂತೆ ಕಂಡುಬರುವ ವಿರಳ ಕಾಯಿಲೆ. ಹಾಳಾಗುವುದು ಮೂತ್ರಪಿಂಡವಾದರೂ ದೋಷವಿರುವುದು ಯಕೃತ್ತಿನ ಒಂದು ಕಿಣ್ವದಲ್ಲಿ. ಆ ಕಿಣ್ವವನ್ನು ದೇಹದ ಹೊರಗೆ, ಬ್ಯಾಕ್ಟೀರಿಯಾದೊಳಗೆ ತಯಾರಿಸಿ ಅಧ್ಯಯನ ಮಾಡಿದ್ದರಿಂದಲೇ ಈ ಕಾಯಿಲೆಯ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ದಕ್ಕಿದೆ. ಭಾರತದ ರೋಗಿಗಳ ಜೀನ್ ವರದಿಗಳು ಅರ್ಥಪೂರ್ಣವಾಗಬೇಕಾದರೆ ಅದೇ ಕೆಲಸ ಇಲ್ಲಿಯೂ ನಡೆಯಬೇಕು ಎಂಬುದು ಈ ಲೇಖನದ ವಾದ.

ಆ ಕಿಣ್ವದ ಹೆಸರು ಅಲನಿನ್-ಗ್ಲೈಆಕ್ಸಿಲೇಟ್ ಅಮೈನೋಟ್ರಾನ್ಸ್‌ಫರೇಸ್, ಚಿಕ್ಕದಾಗಿ ಎಜಿಟಿ. ಯಕೃತ್ತಿನ ಜೀವಕೋಶಗಳಲ್ಲಿ ಸಹಜವಾಗಿ ಹುಟ್ಟುವ ಗ್ಲೈಆಕ್ಸಿಲೇಟ್ ಎಂಬ ರಾಸಾಯನಿಕವನ್ನು ಇದು ಗ್ಲೈಸಿನ್ ಎಂಬ ನಿರುಪದ್ರವಿ ಅಮೈನೋ ಆಮ್ಲವಾಗಿ ಬದಲಿಸುತ್ತದೆ. ಈ ಕೆಲಸ ನಿಂತರೆ ಉಳಿದ ಗ್ಲೈಆಕ್ಸಿಲೇಟ್ ಬೇರೊಂದು ಕಿಣ್ವದ ಕೈಗೆ ಸಿಕ್ಕಿ ಆಕ್ಸಲೇಟ್ ಆಗುತ್ತದೆ. ಆಕ್ಸಲೇಟನ್ನು ಒಡೆಯುವ ಶಕ್ತಿ ಮನುಷ್ಯನ ದೇಹಕ್ಕಿಲ್ಲ. ಮೂತ್ರಪಿಂಡದ ಮೂಲಕ ಹೊರಹಾಕುವುದೊಂದೇ ದಾರಿ. ಅಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಹರಳಾಗುತ್ತದೆ. ಮೂತ್ರಪಿಂಡ ಸೋಲುತ್ತ ಬಂದಂತೆ ಹೊರಹೋಗಲಾರದ ಆಕ್ಸಲೇಟ್ ರಕ್ತದಲ್ಲಿ ಏರಿ ಮೂಳೆ, ಕಣ್ಣಿನ ಅಕ್ಷಿಪಟಲ, ಹೃದಯ, ಚರ್ಮಗಳಲ್ಲಿ ಶೇಖರವಾಗತೊಡಗುತ್ತದೆ. ಯಕೃತ್ತು ದಿನವಿಡೀ ಉತ್ಪಾದಿಸುವಷ್ಟು ಆಕ್ಸಲೇಟನ್ನು ಸಾಮಾನ್ಯ ಡಯಾಲಿಸಿಸ್ ತೆಗೆದುಹಾಕಲಾರದು. ಮೂತ್ರಪಿಂಡವೊಂದನ್ನೇ ಕಸಿ ಮಾಡಿದರೆ ಹೊಸ ಮೂತ್ರಪಿಂಡದಲ್ಲೂ ಅದೇ ಹರಳು ಕಟ್ಟುತ್ತದೆ. ಹಾಗೆ ಕಸಿ ಮಾಡಿದ ಅಂಗವೂ ಹಾಳಾದ ಮೇಲೆಯೇ ನಿಜವಾದ ಕಾಯಿಲೆ ಪತ್ತೆಯಾದ ರೋಗಿಗಳು ಜಗತ್ತಿನ ಎಲ್ಲ ಕಡೆಯ ವೈದ್ಯಕೀಯ ದಾಖಲೆಗಳಲ್ಲಿದ್ದಾರೆ. ತಂದೆಯೋ ತಾಯಿಯೋ ಕೊಟ್ಟ ಮೂತ್ರಪಿಂಡ ಹೀಗೆ ಕೈತಪ್ಪುವುದು ತಡೆಯಬಹುದಾದ ನಷ್ಟ, ಅದಕ್ಕಾಗಿಯೇ ಅದು ಹೆಚ್ಚು ನೋಯಿಸುತ್ತದೆ. ಮೂಲದೋಷವನ್ನು ಸರಿಪಡಿಸಲು ಬಹುಕಾಲ ಇದ್ದ ಮಾರ್ಗವೆಂದರೆ ಯಕೃತ್ತನ್ನೂ ಮೂತ್ರಪಿಂಡವನ್ನೂ ಸೇರಿಸಿ ಕಸಿ ಮಾಡುವುದು.

ಲಂಡನ್ನಿನ ಹೊರವಲಯದ ಹ್ಯಾರೋದಲ್ಲಿ ಕ್ರಿಸ್ಟೋಫರ್ ಡ್ಯಾನ್‌ಪ್ಯೂರ್ ಮತ್ತು ಅವರ ಸಹೋದ್ಯೋಗಿ 1986ರಲ್ಲಿ ಈ ಕಾಯಿಲೆಗೆ ಎಜಿಟಿಯ ಕೊರತೆಯೇ ಕಾರಣವೆಂದು ತೋರಿಸಿದರು. 1990ರಲ್ಲಿ ಎಜಿಎಕ್ಸ್‌ಟಿ ಎಂಬ ಅದರ ಜೀನ್ ಸಿಕ್ಕಿತು. ಅದು ಎರಡನೆಯ ವರ್ಣತಂತುವಿನ ತುದಿಯಲ್ಲಿದೆ. ಆದರೆ ರೋಗಿಗಳ ಯಕೃತ್ತಿನ ಮಾದರಿಗಳನ್ನು ನೋಡಿದಾಗ ಒಂದು ಒಗಟು ಎದುರಾಯಿತು. ಕೆಲವರಲ್ಲಿ ಕಿಣ್ವ ಇತ್ತು, ಕೆಲಸ ಮಾಡುವ ಶಕ್ತಿಯೂ ಸಾಕಷ್ಟು ಇತ್ತು, ಆದರೂ ಕಾಯಿಲೆ ಇತ್ತು. ಕಾರಣ, ಮನುಷ್ಯರಲ್ಲಿ ಎಜಿಟಿ ಇರಬೇಕಾದದ್ದು ಜೀವಕೋಶದೊಳಗಿನ ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲಗಳಲ್ಲಿ. ಈ ರೋಗಿಗಳಲ್ಲಿ ಅದರ ಸುಮಾರು ಶೇ. 90 ಭಾಗ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಕ್ಕೆ ಹೋಗಿ ಕುಳಿತಿತ್ತು. ಗ್ಲೈಆಕ್ಸಿಲೇಟ್ ಹುಟ್ಟುವುದು ಒಂದು ಕಡೆ, ಅದನ್ನು ತೊಡೆಯಬೇಕಾದ ಕಿಣ್ವ ಇನ್ನೊಂದು ಕಡೆ. ಕುತೂಹಲದ ಸಂಗತಿಯೆಂದರೆ ಬೆಕ್ಕಿನಂತಹ ಮಾಂಸಾಹಾರಿ ಪ್ರಾಣಿಗಳಲ್ಲಿ ಇದೇ ಕಿಣ್ವ ಮುಖ್ಯವಾಗಿ ಮೈಟೋಕಾಂಡ್ರಿಯದಲ್ಲಿರುವುದೇ ಸರಿಯಾದ ವ್ಯವಸ್ಥೆ, ಸಸ್ಯಾಹಾರಿಗಳಲ್ಲಿ ಪೆರಾಕ್ಸಿಸೋಮ್‌ನಲ್ಲಿರುವುದು ಸರಿಯಾದದ್ದು. ಯಾವ ಆಹಾರದಿಂದ ಗ್ಲೈಆಕ್ಸಿಲೇಟ್ ಎಲ್ಲಿ ಹುಟ್ಟುತ್ತದೆಯೋ ಅಲ್ಲಿ ಕಿಣ್ವ ಇರುವಂತೆ ವಿಕಾಸ ನಡೆದಿರಬೇಕೆಂದು ಸಂಶೋಧಕರು ವಿವರಿಸುತ್ತಾರೆ.

ಕಿಣ್ವ ತಪ್ಪು ಜಾಗಕ್ಕೆ ಹೋದದ್ದೇಕೆ ಎಂಬುದನ್ನು ಯಕೃತ್ತಿನ ಚೂರುಗಳನ್ನಷ್ಟೇ ನೋಡಿ ಹೇಳಲು ಆಗುತ್ತಿರಲಿಲ್ಲ. ಮಗುವಿನ ಯಕೃತ್ತಿನಿಂದ ಸೂಜಿಯಲ್ಲಿ ತೆಗೆಯುವ ಮಾದರಿ ಅತಿ ಸಣ್ಣದು, ಮತ್ತೆ ಮತ್ತೆ ತೆಗೆಯುವಂಥದ್ದೂ ಅಲ್ಲ. ಅದರಲ್ಲಿ ಸಾವಿರಾರು ಬಗೆಯ ಪ್ರೋಟೀನ್‌ಗಳು ಬೆರೆತಿರುತ್ತವೆ. ಜೊತೆಗೆ ಅನೇಕ ರೋಗಿಗಳಲ್ಲಿ ತಾಯಿಯಿಂದ ಬಂದ ಜೀನ್ ಪ್ರತಿಯಲ್ಲಿ ಒಂದು ಬದಲಾವಣೆ, ತಂದೆಯಿಂದ ಬಂದದ್ದರಲ್ಲಿ ಇನ್ನೊಂದು ಬದಲಾವಣೆ ಇರುವುದರಿಂದ ಯಾವುದರ ಪರಿಣಾಮ ಯಾವುದು ಎಂದು ಬಿಡಿಸುವುದು ಅಸಾಧ್ಯ. ಒಂದೇ ಒಂದು ಬದಲಾವಣೆಯಿರುವ ಶುದ್ಧ ಎಜಿಟಿ ಬೇಕಿತ್ತು, ಅದೂ ಅಳೆಯಲು ಸಾಕಾಗುವಷ್ಟು. ಮರುಸಂಯೋಜಿತ ಮಾನವ ಪ್ರೋಟೀನ್, ಅಂದರೆ ಮನುಷ್ಯನ ಜೀನನ್ನು ಬೇರೊಂದು ಜೀವಿಯೊಳಗೆ ಸೇರಿಸಿ ತಯಾರಿಸಿದ ಪ್ರೋಟೀನ್, ಇಲ್ಲಿ ನೆರವಿಗೆ ಬಂತು.

ಅದನ್ನು ತಯಾರಿಸುವ ವಿಧಾನ ಹೀಗಿದೆ. ಎಜಿಟಿಯ ಜೀನ್ ಪಾಠವನ್ನು ಪ್ಲಾಸ್ಮಿಡ್ ಎಂಬ ವರ್ತುಲಾಕಾರದ ಡಿಎನ್‌ಎಗೆ ಜೋಡಿಸಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರೆ. ಫ್ಲಾಸ್ಕಿನ ದ್ರವದಲ್ಲಿ ಬ್ಯಾಕ್ಟೀರಿಯಾ ಬೆಳೆದು ಮಬ್ಬಾದ ಮೇಲೆ ಒಂದು ರಾಸಾಯನಿಕ ಸೂಚನೆ ಕೊಟ್ಟು, ಉಷ್ಣತೆಯನ್ನು ತಗ್ಗಿಸಿ, ರಾತ್ರಿಯಿಡೀ ಬಿಡುತ್ತಾರೆ; ನಿಧಾನವಾಗಿ ತಯಾರಾದರೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುವ ಸಂಭವ ಹೆಚ್ಚು. ಮರುದಿನ ಬ್ಯಾಕ್ಟೀರಿಯಾವನ್ನು ಒಡೆದು, ತಿಳಿಯಾದ ದ್ರವವನ್ನು ನಿಕೆಲ್ ತುಂಬಿದ ಕಾಲಂ ಮೂಲಕ ಹರಿಸುತ್ತಾರೆ. ಎಜಿಟಿಯ ತುದಿಗೆ ಮೊದಲೇ ಜೋಡಿಸಿದ ಹಿಸ್ಟಿಡಿನ್‌ಗಳ ಬಾಲ ನಿಕೆಲ್‌ಗೆ ಅಂಟಿಕೊಳ್ಳುತ್ತದೆ, ಬ್ಯಾಕ್ಟೀರಿಯಾದ ಬಹುಪಾಲು ಪ್ರೋಟೀನ್‌ಗಳು ಹರಿದು ಹೋಗುತ್ತವೆ. ಕೊನೆಗೆ ಕಾಲಂನಿಂದ ಬಿಡಿಸಿ ಸಾಂದ್ರಗೊಳಿಸಿದ ದ್ರವ ತಿಳಿ ಹಳದಿಯಾಗಿರುತ್ತದೆ. ಆ ಬಣ್ಣ ಪಿಎಲ್‌ಪಿಯದು, ಅಂದರೆ ಬಿ6 ಜೀವಸತ್ವದ ಸಕ್ರಿಯ ರೂಪದ್ದು. ಅದು ಎಜಿಟಿಯ 209ನೆಯ ಅಮೈನೋ ಆಮ್ಲವಾದ ಲೈಸಿನ್‌ಗೆ ಕಚ್ಚಿಕೊಂಡು ಕೂತಿರುತ್ತದೆ, ಅದಿಲ್ಲದೆ ಕಿಣ್ವ ಕೆಲಸ ಮಾಡದು. ಹಳದಿ ಬಣ್ಣ ಎಷ್ಟು ಗಾಢವಾಗಿದೆ ಎಂಬುದನ್ನು ಯಂತ್ರದಲ್ಲಿ ಅಳೆದರೆ ಪಿಎಲ್‌ಪಿ ಎಷ್ಟರಮಟ್ಟಿಗೆ ಕೂತಿದೆ ಎಂಬುದು ತಿಳಿಯುತ್ತದೆ. ರೋಗಿಯಲ್ಲಿ ಕಂಡ ಬದಲಾವಣೆಯನ್ನು ಪ್ಲಾಸ್ಮಿಡ್‌ನಲ್ಲಿ ಮಾಡಿ ಇದೇ ಕೆಲಸವನ್ನು ಪುನರಾವರ್ತಿಸಿದರೆ ಆರೋಗ್ಯವಂತ ರೂಪವನ್ನೂ ರೋಗದ ರೂಪವನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು: ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ, ಎಷ್ಟು ಬಿಸಿಗೆ ಹದಗೆಡುತ್ತದೆ, ಎಷ್ಟು ಬೇಗ ಗಂಟುಕಟ್ಟುತ್ತದೆ ಎಂದು.

2003ರಲ್ಲಿ ಹೀಗೆ ತಯಾರಾದ ಪ್ರೋಟೀನನ್ನು ಹರಳಾಗಿಸಿ ಅದರ ಮೂರು ಆಯಾಮದ ರಚನೆಯನ್ನು ಪ್ರಕಟಿಸಿದರು. ತಲಾ 392 ಅಮೈನೋ ಆಮ್ಲಗಳ ಎರಡು ಸರಪಳಿಗಳು ಒಂದನ್ನೊಂದು ತಬ್ಬಿಕೊಂಡಿರುತ್ತವೆ. ಪ್ರತಿ ಸರಪಳಿಯ ಆರಂಭದ ತುಂಡು ಪಕ್ಕದ ಸರಪಳಿಯ ಮೈಮೇಲೆ ಹಾಸಿಕೊಂಡು ಜೋಡಿಯನ್ನು ಬಿಗಿಯುತ್ತದೆ. ಈ ಆರಂಭದ ತುಂಡಿನಲ್ಲಿ, 11ನೆಯ ಸ್ಥಾನದಲ್ಲಿ, ಯುರೋಪ್ ಮೂಲದ ಜನರ ಜೀನ್ ಪ್ರತಿಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಪ್ರೊಲಿನ್ ಬದಲು ಲ್ಯೂಸಿನ್ ಇರುತ್ತದೆ. ಅದೊಂದೇ ಇದ್ದರೆ ಕಾಯಿಲೆ ಬರುವುದಿಲ್ಲ. ಆದರೆ ಅದು ಮೈಟೋಕಾಂಡ್ರಿಯಕ್ಕೆ ಹೋಗುವ ದುರ್ಬಲ ವಿಳಾಸವೊಂದನ್ನು ಪ್ರೋಟೀನಿನ ಮೇಲೆ ಬರೆದಂತಾಗುತ್ತದೆ, ಜೋಡಿ ಕಟ್ಟುವುದನ್ನೂ ನಿಧಾನಿಸುತ್ತದೆ. ಅದೇ ಪ್ರತಿಯಲ್ಲಿ 170ನೆಯ ಸ್ಥಾನದ ಗ್ಲೈಸಿನ್ ಹೋಗಿ ಆರ್ಜಿನಿನ್ ಬಂದರೆ ಮಡಚುವಿಕೆ ಇನ್ನಷ್ಟು ತಡವಾಗುತ್ತದೆ. ಮೈಟೋಕಾಂಡ್ರಿಯದ ಬಾಗಿಲು ಬಿಡಿಸಿಕೊಂಡ ಸರಪಳಿಯನ್ನು ಮಾತ್ರ ಒಳಬಿಡುತ್ತದೆ. ಪೆರಾಕ್ಸಿಸೋಮ್ ಪೂರ್ತಿ ಮಡಚಿದ ಜೋಡಿಯನ್ನೂ ಒಳಗೆ ಸೇರಿಸಿಕೊಳ್ಳಬಲ್ಲದು. ಹೀಗಾಗಿ ಮಡಚಿಕೊಳ್ಳಲು ತಡಮಾಡಿದ ಎಜಿಟಿ ಮೈಟೋಕಾಂಡ್ರಿಯದ ಪಾಲಾಗುತ್ತದೆ. ಶುದ್ಧೀಕರಿಸಿದ ಈ ರೂಪಭೇದವನ್ನು ಪರೀಕ್ಷಾನಳಿಕೆಯಲ್ಲಿ ಅಳೆದರೆ ಕೆಲಸದ ಶಕ್ತಿ ಬಹುಮಟ್ಟಿಗೆ ಉಳಿದಿರುವುದು ಕಾಣುತ್ತದೆ. ಇಲ್ಲಿ ಕೆಟ್ಟಿರುವುದು ಮಡಚುವಿಕೆಯ ವೇಗ ಮತ್ತು ಸ್ಥಿರತೆ.

ಎಲ್ಲ ಬದಲಾವಣೆಗಳೂ ಹೀಗೆಯೇ ಕೆಡಿಸುವುದಿಲ್ಲ. 82ನೆಯ ಸ್ಥಾನದಲ್ಲಿ ಗ್ಲೈಸಿನ್ ಬದಲು ಗ್ಲುಟಾಮೇಟ್ ಬಂದರೆ ಪ್ರೋಟೀನ್ ಇರುತ್ತದೆ, ಸರಿಯಾದ ಜಾಗಕ್ಕೂ ಹೋಗುತ್ತದೆ, ಆದರೆ ಪಿಎಲ್‌ಪಿ ಸರಿಯಾಗಿ ಕೂರದೆ ಕೆಲಸ ನಡೆಯುವುದಿಲ್ಲ. 41ನೆಯ ಸ್ಥಾನದ ಗ್ಲೈಸಿನ್ ಆರ್ಜಿನಿನ್ ಆದರೆ ಜೋಡಿ ಸಡಿಲವಾಗಿ ಪ್ರೋಟೀನ್ ಗಂಟುಕಟ್ಟಿಕೊಳ್ಳುತ್ತದೆ. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ, ಅದರಲ್ಲೂ ಲಾ ಗೊಮೇರಾದ ಕುಟುಂಬಗಳಲ್ಲಿ, ತಲೆಮಾರುಗಳಿಂದ ಹರಿದುಬಂದಿರುವುದು 244ನೆಯ ಸ್ಥಾನದ ಬದಲಾವಣೆ. ಅದೂ ಪ್ರೋಟೀನಿನ ಆಕಾರವನ್ನು ಅಸ್ಥಿರಗೊಳಿಸುವ ಬಗೆಯದು. ಜೀನ್ ವರದಿಯಲ್ಲಿ ಇವೆಲ್ಲವೂ ಒಂದಕ್ಷರದ ತಪ್ಪಾಗಿಯೇ ಕಾಣುತ್ತವೆ. ಅವುಗಳ ನಡುವಿನ ವ್ಯತ್ಯಾಸ ಕಾಣುವುದು ಪ್ರೋಟೀನನ್ನು ಕೈಗೆ ತೆಗೆದುಕೊಂಡಾಗ ಮಾತ್ರ.

ಈ ವ್ಯತ್ಯಾಸ ರೋಗಿಯ ಪಾಲಿಗೆ ಏಕೆ ಮುಖ್ಯ ಎಂಬುದಕ್ಕೆ ಬಿ6 ಜೀವಸತ್ವದ ಕಥೆಯೇ ಉತ್ತರ. ಕೆಲವು ರೋಗಿಗಳಿಗೆ ಪಿರಿಡಾಕ್ಸಿನ್ ಎಂಬ ಬಿ6 ಮಾತ್ರೆ ಕೊಟ್ಟರೆ ಮೂತ್ರದ ಆಕ್ಸಲೇಟ್ ಇಳಿಯುತ್ತದೆ, ಇನ್ನು ಕೆಲವರಲ್ಲಿ ಏನೂ ಬದಲಾಗುವುದಿಲ್ಲ ಎಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಶೇ. 30ರಷ್ಟು ಇಳಿಕೆಯಾದರೆ ಔಷಧ ಫಲಿಸಿತೆಂದು ಲೆಕ್ಕ. 170ನೆಯ ಸ್ಥಾನದ ಬದಲಾವಣೆಯಿರುವವರಲ್ಲಿಯೇ ಅದು ಹೆಚ್ಚಾಗಿ ಫಲಿಸುತ್ತದೆ ಎಂಬುದು 2005ರ ಹೊತ್ತಿಗೆ ಅಮೆರಿಕದ ರೋಗಿಗಳ ಅಧ್ಯಯನದಿಂದ ಸ್ಪಷ್ಟವಾಯಿತು. ಕಾರಣವನ್ನು ಬಿಡಿಸಿದ್ದು ಇಟಲಿಯ ವೆರೋನಾ ಮುಂತಾದ ಕಡೆಯ ಪ್ರೋಟೀನ್ ಪ್ರಯೋಗಾಲಯಗಳು. ಪಿಎಲ್‌ಪಿ ಕೂತಾಗ ಎಜಿಟಿಯ ಜೋಡಿ ಗಟ್ಟಿಯಾಗುತ್ತದೆ. ಮಡಚಲು ತಡಮಾಡುವ ರೂಪಭೇದಕ್ಕೆ ಪಿಎಲ್‌ಪಿ ಹೆಚ್ಚು ಸಿಕ್ಕರೆ ಅದು ಸರಿಯಾಗಿ ಮಡಚಿಕೊಂಡು ಸರಿಯಾದ ಜಾಗ ಸೇರುವ ಪ್ರಮಾಣ ಏರುತ್ತದೆ. ಅಲ್ಲಿಗೇ ನಿಲ್ಲಲಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಜೀವಕೋಶಗಳಲ್ಲಿ ಪಿರಿಡಾಕ್ಸಿನ್‌ಗಿಂತ ಪಿರಿಡಾಕ್ಸಮೀನ್ ಮತ್ತು ಪಿರಿಡಾಕ್ಸಾಲ್ ಎಂಬ ಬಿ6ರ ಇನ್ನೆರಡು ರೂಪಗಳು ಹೆಚ್ಚು ಪರಿಣಾಮಕಾರಿಯೆಂದು ತೋರಿಸಿತು. ಪಿರಿಡಾಕ್ಸಿನ್‌ನಿಂದ ಜೀವಕೋಶದೊಳಗೆ ಹುಟ್ಟುವ ಒಂದು ಮಧ್ಯಂತರ ವಸ್ತು ಪಿಎಲ್‌ಪಿಯ ಜಾಗವನ್ನೇ ಆಕ್ರಮಿಸಿಕೊಳ್ಳುವುದು ಅದಕ್ಕೆ ಕಾರಣ. ದಶಕಗಳಿಂದ ಬರೆದುಕೊಡುತ್ತಿರುವ ಅಗ್ಗದ ಮಾತ್ರೆಯೊಂದರ ಬಗ್ಗೆ ಇಂಥ ಪ್ರಶ್ನೆಯನ್ನು ಎತ್ತಲು ಸಾಧ್ಯವಾದದ್ದು ಶುದ್ಧ ಪ್ರೋಟೀನ್ ಕೈಯಲ್ಲಿದ್ದುದರಿಂದ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ.

ಈ ವಿಧಾನಕ್ಕೆ ಮಿತಿಗಳೂ ಇವೆ. ಬ್ಯಾಕ್ಟೀರಿಯಾದಲ್ಲಿ ಪೆರಾಕ್ಸಿಸೋಮ್ ಇಲ್ಲ, ಮೈಟೋಕಾಂಡ್ರಿಯವೂ ಇಲ್ಲ. ಆದ್ದರಿಂದ ಕಿಣ್ವ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಸ್ತನಿಗಳ ಜೀವಕೋಶಗಳಲ್ಲಿಯೇ ನೋಡಬೇಕು. ಎಜಿಟಿಯ ಕೊನೆಯ ಮೂರು ಅಮೈನೋ ಆಮ್ಲಗಳೇ ಪೆರಾಕ್ಸಿಸೋಮ್‌ನ ವಿಳಾಸ. ಅಲ್ಲಿ ಹಿಸ್ಟಿಡಿನ್ ಬಾಲ ಜೋಡಿಸಿದ ಪ್ರೋಟೀನ್ ಪರೀಕ್ಷಾನಳಿಕೆಗೆ ಸರಿಹೋದೀತು, ಜೀವಕೋಶದ ಪ್ರಯೋಗಕ್ಕೆ ಸರಿಹೋಗದು. ಬಾಲವನ್ನು ಆರಂಭದ ತುದಿಗೆ ಹಾಕಿದರೆ ಜೋಡಿಯನ್ನು ಬಿಗಿಯುವ ತುಂಡಿಗೇ ಅಡ್ಡಿಯಾಗಬಹುದು. ಮಾರುಕಟ್ಟೆಯಲ್ಲಿ ‘ಮರುಸಂಯೋಜಿತ ಮಾನವ ಪ್ರೋಟೀನ್’ ಎಂಬ ಹೆಸರಿನಲ್ಲಿ ಸಣ್ಣ ಸೀಸೆಗಳಲ್ಲಿ ಸಿಗುವ ಅನೇಕ ಉತ್ಪನ್ನಗಳು ಪ್ರತಿಕಾಯಗಳ ತಪಾಸಣೆಗೆಂದು ತಯಾರಾದವು. ಕೆಲವು ಪ್ರೋಟೀನಿನ ಒಂದು ತುಂಡು ಮಾತ್ರ, ಕೆಲವನ್ನು ಕೆಲಸದ ಶಕ್ತಿಗಾಗಿ ಪರೀಕ್ಷಿಸಿಯೇ ಇರುವುದಿಲ್ಲ. ಪೂರ್ಣ ಸರಪಳಿಯೇ, ಯಾವ ಜೀವಿಯಲ್ಲಿ ತಯಾರಾಯಿತು, ಬಾಲ ಯಾವ ತುದಿಯಲ್ಲಿದೆ, ಕಿಣ್ವವಾಗಿ ಕೆಲಸ ಮಾಡುತ್ತದೆಯೇ ಎಂಬುದನ್ನು ಓದದೆ ಕೊಂಡ ಪ್ರೋಟೀನಿನಿಂದ ರೋಗದ ಬಗ್ಗೆ ತೀರ್ಮಾನಕ್ಕೆ ಬರುವುದು ಅಪಾಯಕರ.

ಎಲ್ಲ ಆನುವಂಶಿಕ ಮೂತ್ರಪಿಂಡ ಕಾಯಿಲೆಗಳಿಗೂ ಬ್ಯಾಕ್ಟೀರಿಯಾ ಸಾಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಮೂತ್ರದಲ್ಲಿ ಅತ್ಯಂತ ಹೇರಳವಾಗಿರುವ ಯೂರೊಮಾಡ್ಯುಲಿನ್ ಪ್ರೋಟೀನಿನಲ್ಲಿ 48 ಸಿಸ್ಟೀನ್‌ಗಳು ಪರಸ್ಪರ ಗಂಟುಹಾಕಿಕೊಂಡಿರುತ್ತವೆ, ಮೈಮೇಲೆ ಸಕ್ಕರೆಯ ಸರಪಳಿಗಳಿರುತ್ತವೆ. ಅದಕ್ಕೆ ಸಸ್ತನಿ ಜೀವಕೋಶಗಳೇ ಬೇಕು. ಪಾಲಿಸಿಸ್ಟಿಕ್ ಮೂತ್ರಪಿಂಡ ಕಾಯಿಲೆಯ ಪಾಲಿಸಿಸ್ಟಿನ್-1ರಲ್ಲಿ 4,300ಕ್ಕೂ ಹೆಚ್ಚು ಅಮೈನೋ ಆಮ್ಲಗಳಿದ್ದು ಅದು ಜೀವಕೋಶದ ಪೊರೆಯಲ್ಲಿ ಹೂತಿರುತ್ತದೆ. ಅದರ ಮತ್ತು ಪಾಲಿಸಿಸ್ಟಿನ್-2ರ ಜಂಟಿ ರಚನೆ 2018ರಲ್ಲಿ ಹೊರಬಂದಾಗಲೂ ಮೊಟಕುಗೊಳಿಸಿದ ರೂಪವನ್ನೇ ಬಳಸಬೇಕಾಯಿತು. ಎಜಿಟಿ ಆ ಮಟ್ಟಿಗೆ ಸುಲಭದ ಪ್ರೋಟೀನ್. ಸಾಧಾರಣ ಸೌಲಭ್ಯವಿರುವ ಪ್ರಯೋಗಾಲಯವೂ ಅದನ್ನು ತಯಾರಿಸಬಲ್ಲದು.

ಈಚಿನ ವರ್ಷಗಳಲ್ಲಿ ಚಿಕಿತ್ಸೆಯ ಚಿತ್ರವೇ ಬದಲಾಗಿದೆ. ಗ್ಲೈಆಕ್ಸಿಲೇಟನ್ನು ಹುಟ್ಟಿಸುವ ಗ್ಲೈಕೊಲೇಟ್ ಆಕ್ಸಿಡೇಸ್ ಕಿಣ್ವದ ತಯಾರಿಯನ್ನೇ ಯಕೃತ್ತಿನಲ್ಲಿ ತಡೆಯುವ ಲುಮಾಸಿರಾನ್ ಎಂಬ ಚುಚ್ಚುಮದ್ದಿಗೆ 2020ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಅನುಮತಿ ಸಿಕ್ಕಿತು. 39 ರೋಗಿಗಳ ಮುಖ್ಯ ಪ್ರಯೋಗದಲ್ಲಿ ಔಷಧ ಪಡೆದವರ ಮೂತ್ರದ ಆಕ್ಸಲೇಟ್ ಸರಾಸರಿ ಶೇ. 65ರಷ್ಟು ಇಳಿಯಿತು. 2023ರಲ್ಲಿ ನೆಡೋಸಿರಾನ್ ಎಂಬ ಇನ್ನೊಂದು ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಬಂತು. ಇವು ಎಜಿಟಿಯನ್ನು ಸರಿಪಡಿಸುವುದಿಲ್ಲ, ಆಕ್ಸಲೇಟ್ ಆಗುವ ದಾರಿಯನ್ನು ಮೇಲೆಯೋ ಕೆಳಗೆಯೋ ಕಟ್ಟುತ್ತವೆ. ಹಾಗಾಗಿ ಎಜಿಟಿಯಲ್ಲಿ ಯಾವ ಬದಲಾವಣೆಯಿದ್ದರೂ ಕೆಲಸ ಮಾಡಬಲ್ಲವು. ಇನ್ನು ರೂಪಭೇದಗಳನ್ನು ಒಂದೊಂದಾಗಿ ಅಧ್ಯಯನ ಮಾಡುವ ಅಗತ್ಯವೇನು ಎಂದು ಕೇಳುವವರಿದ್ದಾರೆ. ಬೆಲೆಯೇ ಅದಕ್ಕೆ ಉತ್ತರ. ಅಮೆರಿಕದಲ್ಲಿ ಈ ಚಿಕಿತ್ಸೆಗೆ ವರ್ಷಕ್ಕೆ ಲಕ್ಷಾಂತರ ಡಾಲರ್ ಬೆಲೆ ನಿಗದಿಯಾಗಿದೆ, ಮತ್ತು ಇದು ನಿಲ್ಲಿಸದೆ ತೆಗೆದುಕೊಳ್ಳಬೇಕಾದ ಔಷಧ. ಬಿ6 ಮಾತ್ರೆಯಿಂದಲೇ ಯಾವ ಮಗುವಿನ ಆಕ್ಸಲೇಟ್ ಹತೋಟಿಗೆ ಬರುತ್ತದೆ ಎಂದು ಮೊದಲೇ ಊಹಿಸಬಲ್ಲ ಜ್ಞಾನಕ್ಕೆ ಶ್ರೀಮಂತ ದೇಶಗಳಿಗಿಂತ ನಮ್ಮಲ್ಲಿ ಹೆಚ್ಚು ಬೆಲೆಯಿದೆ.

ಆ ಜ್ಞಾನವೋ ಬಹುಪಾಲು ಯುರೋಪ್ ಮೂಲದ ರೋಗಿಗಳಿಂದ ಬಂದದ್ದು. ಬಿ6ಗೆ ಚೆನ್ನಾಗಿ ಸ್ಪಂದಿಸುವ 170ನೆಯ ಸ್ಥಾನದ ಬದಲಾವಣೆ ಅವರಲ್ಲಿ ಅತ್ಯಂತ ಸಾಮಾನ್ಯ, ಏಷ್ಯಾದ ರೋಗಿಗಳಲ್ಲಿ ಅಪರೂಪ. ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಪ್ರತಿ ಬರಬೇಕು. ಆದ್ದರಿಂದ ರಕ್ತಸಂಬಂಧದ ಮದುವೆಗಳು ಹೆಚ್ಚಿರುವಲ್ಲಿ ಇದರ ಪ್ರಮಾಣವೂ ಹೆಚ್ಚು. ಯುರೋಪಿನಲ್ಲಿ ಮಕ್ಕಳ ಅಂತಿಮ ಹಂತದ ಮೂತ್ರಪಿಂಡ ವೈಫಲ್ಯಕ್ಕೆ ಇದು ಶೇ. 1ರಿಂದ 2ರಷ್ಟು ಕಾರಣವಾದರೆ ಟ್ಯುನೀಷಿಯ ಮತ್ತು ಕುವೈತ್‌ನಲ್ಲಿ ಶೇ. 10ನ್ನೂ ಮೀರಿದ ವರದಿಗಳಿವೆ. ಸೋದರಮಾವನೊಂದಿಗೆ, ಅತ್ತೆಯ ಮಗ ಅಥವಾ ಮಾವನ ಮಗಳೊಂದಿಗೆ ಮದುವೆಯಾಗುವ ರೂಢಿಯಿರುವ ಕರ್ನಾಟಕದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸುಮಾರು ಕಾಲು ಭಾಗದಷ್ಟು ಮದುವೆಗಳು ರಕ್ತಸಂಬಂಧದೊಳಗೇ ನಡೆದಿವೆ. ಇಂಥ ಕುಟುಂಬದ ಮಗುವಿನಲ್ಲಿ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಇರುವ ಸಂಭವ ಹೆಚ್ಚು. ಕುಟುಂಬಕ್ಕೆ ಅದು ದುರದೃಷ್ಟವೇ, ಆದರೆ ಆ ಬದಲಾವಣೆಯೊಂದರ ಪರಿಣಾಮ ಅಲ್ಲಿ ಬೆರಕೆಯಿಲ್ಲದೆ ಕಾಣುವುದರಿಂದ ಪ್ರೋಟೀನ್ ಅಧ್ಯಯನದ ಫಲಿತಾಂಶವನ್ನು ನೇರವಾಗಿ ತಾಳೆ ನೋಡಬಹುದು.

ಈಗ ನಮ್ಮಲ್ಲಿ ಜೀನ್ ಪರೀಕ್ಷೆ ಮೊದಲಿಗಿಂತ ಸುಲಭವಾಗಿದೆ. ಆದರೆ ಎಜಿಎಕ್ಸ್‌ಟಿಯಲ್ಲಿ ಹಿಂದೆ ಯಾರೂ ವರದಿ ಮಾಡಿರದ ಬದಲಾವಣೆ ಕಂಡರೆ ವರದಿಯಲ್ಲಿ ಬರುವುದು ‘ಪರಿಣಾಮ ಅನಿಶ್ಚಿತ’ ಎಂಬ ಸಾಲು. ಆ ಸಾಲನ್ನು ಹಿಡಿದುಕೊಂಡು ಯಕೃತ್ತಿನ ಕಸಿಗೆ ಒಪ್ಪಿಗೆ ಕೊಡಬೇಕೇ, ತಮ್ಮನಿಗೋ ತಂಗಿಗೋ ಪರೀಕ್ಷೆ ಮಾಡಿಸಬೇಕೇ ಎಂದು ನಿರ್ಧರಿಸಬೇಕಾದ ತಂದೆತಾಯಿಯ ಸ್ಥಿತಿಯನ್ನು ಯೋಚಿಸಬೇಕು. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿ ಯಕೃತ್ತು ಮತ್ತು ಮೂತ್ರಪಿಂಡದ ಜೋಡಿ ಕಸಿಯನ್ನೂ ಪರಿಗಣಿಸಬಹುದೆಂದು ಹೇಳುತ್ತದೆ. 2022ರಲ್ಲಿ ನೆರವಿನ ಮಿತಿಯನ್ನು ಪ್ರತಿ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಈ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿವೆ. ಚಿಕಿತ್ಸೆಗೆ ಹಣ ಮೀಸಲಿಡುವಾಗ ರೂಪಭೇದಗಳನ್ನು ಪರೀಕ್ಷಿಸುವ ಪ್ರೋಟೀನ್ ಕೆಲಸಕ್ಕೂ ಅದರ ಒಂದು ಚಿಕ್ಕ ಪಾಲನ್ನು ಎತ್ತಿಡುವುದು ನ್ಯಾಯ. ಮರುಸಂಯೋಜಿತ ಮಾನವ ಇನ್ಸುಲಿನ್ ಅನ್ನು ಯೀಸ್ಟ್‌ನಲ್ಲಿ ತಯಾರಿಸಿ ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ಊರಿನಿಂದ. ಪ್ರೋಟೀನ್ ತಯಾರಿಸಿ ಶುದ್ಧೀಕರಿಸುವ ಕೈಗಳಿಗೆ ಬೆಂಗಳೂರಿನಲ್ಲಿ ಕೊರತೆಯಿಲ್ಲ. ಮಕ್ಕಳ ವಾರ್ಡಿನಿಂದ ಆ ಪ್ರಯೋಗಾಲಯಗಳಿಗೆ ಹೋಗುವ ದಾರಿ ಮಾತ್ರ ಸರಿಯಾಗಿ ಬಿದ್ದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ದಾರಿಯ ಮೊದಲ ಭಾಗ ಆಸ್ಪತ್ರೆಯಲ್ಲೇ ಇದೆ. ಮಗುವಿಗೆ ಮೊದಲ ಸಲ ಕಲ್ಲು ಬಂದಾಗಲೇ ಮೂತ್ರದ ಆಕ್ಸಲೇಟ್ ಅಳೆಯಬೇಕು. ಮೂತ್ರಪಿಂಡ ಸೋತ ಮೇಲೆ ಮೂತ್ರದ ಆಕ್ಸಲೇಟ್ ತಾನಾಗಿಯೇ ತಗ್ಗಿ ದಾರಿ ತಪ್ಪಿಸುವುದರಿಂದ ಆಗ ರಕ್ತದಲ್ಲಿ ನೋಡಬೇಕಾಗುತ್ತದೆ. ಕಾಯಿಲೆ ಖಚಿತವಾದ ಮನೆಯಲ್ಲಿ ಪ್ರತಿ ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದರ ಸಂಭವ ಇರುವುದರಿಂದ ಲಕ್ಷಣಗಳಿಗೆ ಕಾಯದೆ ಅವರೆಲ್ಲರನ್ನೂ ಪರೀಕ್ಷಿಸಬೇಕು. ಬಿ6 ಮಾತ್ರೆಯನ್ನು ಕನಿಷ್ಠ ಮೂರು ತಿಂಗಳು ಕೊಟ್ಟು, ಶುರುವಿಗೆ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು ಎಂಬ ಎರಡೂ ಅಳತೆಗಳನ್ನು ಜೀನ್ ಬದಲಾವಣೆಯ ಜೊತೆ ಸೇರಿಸಿ, ಹೆಸರು ಬಿಟ್ಟು, ಎಲ್ಲರಿಗೂ ಸಿಗುವ ದತ್ತಾಂಶಕೋಶಕ್ಕೆ ಹಾಕಬೇಕು. ಆ ಬದಲಾವಣೆಯನ್ನು ಪ್ಲಾಸ್ಮಿಡ್‌ನಲ್ಲಿ ಬರೆದು ಪ್ರೋಟೀನ್ ತಯಾರಿಸುವ ಸಂಶೋಧಕರಿಗೆ ತಮ್ಮ ನಳಿಕೆಯ ಹಳದಿ ದ್ರವ ಹೇಳುವುದನ್ನು ರೋಗಿಯ ಮೂತ್ರದ ಅಳತೆಯೊಂದಿಗೆ ಹೋಲಿಸಿ ನೋಡಲು ಬೇಕಾಗುವುದು ಇಷ್ಟೇ ಮಾಹಿತಿ. ಈ ಮಾಹಿತಿ ಇಂದು ಬೇರೆ ಬೇರೆ ಆಸ್ಪತ್ರೆಗಳ ಕಡತಗಳಲ್ಲಿ ಬಿಡಿಬಿಡಿಯಾಗಿ ಉಳಿದುಹೋಗುತ್ತಿದೆ.